ಎಂಟು ಸ್ಕ್ರೂ

ಬಂಗಾರಪೇಟೆಯಲ್ಲಿ ಇಳಿದ ಕೂಡಲೇ ಪಾನಿಪೂರಿಯವನು ಹಿಡಿದುಬಿಟ್ಟ:
"ನೀಲಿನೌಕೆ ಕ್ಯಾಪ್ಟನ್ ಅಲ್ವೇನಮ್ಮ ನೀವು?
ಭಾನುವಾರ ಬೆಳಗ್ಗೆ ನಲ್ಲಿ ನೀರು ಬಿಟ್ಟು ನೋಡ್ತಿದ್ವಿ."
ಕನ್ನಡಿಯಂಥ ತಿಳಿ ಪಾನಿಯಲ್ಲಿ ಅದ್ದಿ
ಒಂದು ಪೂರಿ ಹೆಚ್ಚಿಗೇ ಕೊಟ್ಟ.
ಪಕ್ಕದಲ್ಲಿದ್ದ ದೇವಸಹಾಯಂಗೆ ಲೆಕ್ಕದ ಆರು.

ಇವನೇ ಕಣಪ್ಪ ಆ ಯಂತ್ರ, ಅನ್ನಹೊರಟೆ.
ಅವನು ನನ್ನ ಕಾಲು ತುಳಿದ.

ಅರವತ್ತೆಂಟು ಕಂತು. ನನಗೆ ಮುಖವಿತ್ತು,
ಅವನಿಗೆ ತಗಡು. ದನಿಯೂ ಅವನದಲ್ಲ,
ಸ್ಟುಡಿಯೋದಲ್ಲಿ ಯಾರೋ ಮೂಗು ಹಿಡಿದು ಮಾತಾಡಿ ಹೋದರು.
ಅವನದಾಗಿದ್ದದ್ದು ನಡಿಗೆ ಒಂದೇ:
ಎಡಗಾಲು ಎತ್ತಿ, ಒಂದು ಗಳಿಗೆ ಯೋಚಿಸಿ, ಇಡುವುದು.
ಈಗ ಮಂಡಿಯೊಳಗೇ ಲೋಹ.
"ಆಗ ಆಕ್ಟಿಂಗು ಕ್ಯಾಪ್ಟನ್ನಮ್ಮ, ಈಗ ಒರಿಜಿನಲ್ಲು."

ಸೈನೈಡ್ ದಿಬ್ಬ ನಮ್ಮ ಮಂಗಳ ಗ್ರಹ.
ಚಿನ್ನ ತೆಗೆದು ಚೆಲ್ಲಿದ ಪುಡಿ, ಹುಲ್ಲೂ ಹುಟ್ಟದು,
ನಿರ್ದೇಶಕರು ಕಣ್ಣರಳಿಸಿ ನೋಡಿದ್ದರು.
ಅದರ ಬುಡದಲ್ಲೇ ಲೈನಿನ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು.
ಮಂಗಳನಲ್ಲಿ ಸೀರೆ ಹಾರಿತೆಂದು
ಎಷ್ಟು ಟೇಕು ಹಾಳಾದವೋ.

ಆ ಸೂಟಿನೊಳಗೆ ಯಾವ ನಟನೂ ಐದು ನಿಮಿಷ ನಿಲ್ಲಲಿಲ್ಲ.
ಇವನು ಚಾಂಪಿಯನ್ ರೀಫಿನ ರಾತ್ರಿ ಪಾಳಿ ಮುಗಿಸಿ
ಶೂಟಿಂಗ್ ನೋಡಲು ಬಂದವನು. ಹೊಕ್ಕು ನೋಡಿ
"ಕೆಳಗಿಗಿಂತ ತಂಪು" ಅಂದ. ಕೆಲಸ ಸಿಕ್ಕಿತು.

ಜನ ಇಂದಿಗೂ ಕೇಳುವುದು ಐವತ್ತೆರಡನೆಯ ಕಂತು.
ಯಂತ್ರ ಸಾಯುತ್ತದೆ. ಅದರ ತಲೆ ತೊಡೆಯ ಮೇಲಿಟ್ಟು ನಾನು ಅಳುತ್ತೇನೆ.
ಚೀಲಗಟ್ಟಲೆ ಪತ್ರ ಬಂದವು. ಶಾಲುಗಳು ಬಂದವು,
ಒಂದೂ ಚಳಿಗಾಗಲಿಲ್ಲ.

ಯಾವ ವೇದಿಕೆಯಲ್ಲೂ ಹೇಳದ್ದು:
ಮೂರನೆಯ ಟೇಕಿನ ನಡುವೆ ಗಣಿಯ ಸೈರನ್ನು ಕೂಗಿತು,
ಪಾಳಿ ಬದಲಾಗುವ ಹೊತ್ತಲ್ಲ.
ಊರಿನ ಲೈಟ್‌ಬಾಯ್‌ಗಳು ಓಡಿದರು.
ಅವನಪ್ಪ ಆಗ ಕೆಳಗಿದ್ದ.
ಅವನ ಕತ್ತಿನ ಸುತ್ತ ಎಂಟು ಸ್ಕ್ರೂ,
ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದ ಹುಡುಗ ಓಡಿದವರಲ್ಲೊಬ್ಬ.
ಬೆಳಕು ಹೋಗುತ್ತದೆಂದು ಕ್ಯಾಮೆರಾ ನಿಲ್ಲಲಿಲ್ಲ.
ತಗಡಿನೊಳಗಿಂದ ಒಂದು ಸದ್ದು,
ಮೈಕಿಗೆ ಸಿಗದ್ದು, ನನ್ನ ತೊಡೆಗೆ ಮಾತ್ರ ತಾಗಿದ್ದು.
ಗ್ಲಿಸರಿನ್ ಬೇಕಾಗಲಿಲ್ಲ.

ಶಾಟ್ ಮುಗಿಯಲಿ ಎಂದು ನಾನೂ ಕಾದೆ.
ಆಮೇಲೆ ನಾಲ್ಕಾಣೆ ಬಿಲ್ಲೆಯಿಂದ ಬಿಚ್ಚಿದೆ, ಒಂದೊಂದೇ.
ಏಳನೆಯದಕ್ಕೆ ಉಗುರು ಕಿತ್ತಿತು.
ಕಾದೆನೆಂಬುದು ಅವನಿಗೆ ಗೊತ್ತು.
ಮೂವತ್ತು ವರ್ಷ ನಾವು ಅದನ್ನು
ಮಾತಿಗೆ ಕರೆದಿಲ್ಲ.

ಅಪ್ಪನಿಗೆ ಏನೂ ಆಗಿರಲಿಲ್ಲ.
ಹೋದದ್ದು ಅದೇ ಲೈನಿನ ನಾಲ್ಕನೇ ಮನೆಯವನು.
ಇವತ್ತು ದಿಬ್ಬದ ಮೇಲೆ, ಗಾಳಿಗೆ ಬೆನ್ನು ಕೊಟ್ಟು, ಅಂದ:
"ಅಪ್ಪ ಅಲ್ಲ ಅಂತ ತಿಳಿದಾಗ ನಗು ಬಂತು ಕ್ಯಾಪ್ಟನ್ನಮ್ಮ.
ಆ ಮನೆಯವರ ಎದುರಿಗೇ.
ಆ ತಲೆ ಮತ್ತೆ ಹಾಕ್ಕೊಂಡುಬಿಡೋಣ ಅನ್ನಿಸ್ತು."

ನಾನೇನೂ ಅನ್ನಲಿಲ್ಲ. ಬಿಳಿ ಧೂಳು
ಇಬ್ಬರ ಹುಬ್ಬಿನ ಮೇಲೂ ಕೂತಿತ್ತು.

ಆ ತಲೆಯಲ್ಲಿ ಈಗ ಅವನ ಹೆಂಡತಿ ಫಿಲೋಮಿನಾ
ಹುರುಳಿ ತುಂಬಿಡುತ್ತಾಳೆ, ಇಲಿ ತೂರದಂತೆ.
ಕಣ್ಣಿನ ತೂತಿಗೆ ಬಟ್ಟೆ ತುರುಕಿದ್ದಾಳೆ.
ಹೊರಡುವಾಗ ಒಂದು ಸೇರು ಕಟ್ಟಿಕೊಟ್ಟಳು.

ರೈಲಿನಲ್ಲಿ ಯಾರೋ ಗುರುತು ಹಿಡಿದು ಸೆಲ್ಫಿ ಕೇಳಿದರು.
"ಮೇಡಂ, ಆ ಗಂಟು ಸ್ವಲ್ಪ ಪಕ್ಕಕ್ಕಿಡಿ,
ಫ್ರೇಮಿಗೆ ಬರುತ್ತೆ."
ತೊಡೆಯ ಮೇಲಿತ್ತು.
ಇರಲಿ ಬಿಡಪ್ಪ, ಅಂದೆ.