ಅಳತೆಯ ವಹಿ

ಮುತ್ಯಾನ ವಹಿಯಲ್ಲಿ ಹೆಸರಿಗಿಂತ ಪಾದಗಳೇ ಹೆಚ್ಚು.
ಕಾಗದದ ಮೇಲೆ ನಿಲ್ಲಿಸಿ, ಸುತ್ತ ಸೀಸಕಡ್ಡಿ ಓಡಿಸಿ
ತೆಗೆದ ಗೆರೆಗಳು. ಗಿರಣಿ ಜಾಬರನ ಅಗಲ ಹಿಮ್ಮಡಿ,
ಆರು ಬೆರಳಿನ ಪೈಲ್ವಾನ,
ಮುಟ್ಟಬೇಡ ಎಂದು ತಾನೇ ಗೀಚಿಕೊಂಡು
ದೂರದಿಂದ ಕಾಗದ ಎಸೆದ ದೇಸಾಯಿ.

ಎಪ್ಪತ್ತೊಂದನೇ ಹಾಳೆಯಲ್ಲಿ
ನನ್ನ ಅಂಗೈಗಿಂತ ಚಿಕ್ಕದೊಂದು ಗೆರೆ.
ಹಸುಗೂಸಿನದೆಂದುಕೊಂಡೆ.
ನನ್ನ ಮೂರು ವರ್ಷದ ಮಗಳು ಕಾಲಿಟ್ಟು ನೋಡಿದಳು:
ಬೆರಳು ಗೆರೆಯಾಚೆ ಬಂದವು.
ಕೆಳಗೆ ಅರ್ಧ ಕನ್ನಡ, ಅರ್ಧ ಮರಾಠಿ:
ಚೀನೀ ಆಯಿ. ವಯ ಅರವತ್ತು. ಮಂಗಳವಾರ ಪೇಟೆ.
ಹಲ್ಲಿನ ಡಾಕ್ಟರನ ತಾಯಿ.

ಸೊಲ್ಲಾಪುರಕ್ಕೆ ಚೀನದವರು ಹೇಗೆ ಬಂದರು, ಕೇಳಬೇಡಿ.
ಹಲ್ಲು ಎಲ್ಲ ಊರಲ್ಲೂ ಬೀಳುತ್ತವೆ.
ಬಾಗಿಲಿಗೆ ಕಟ್ಟಿಗೆಯ ದವಡೆ ತೂಗುಹಾಕಿ
ಕೂತಿದ್ದ ಶಿಯೆ ಡಾಕ್ಟರ;
ಓಣಿ ಅವನನ್ನು ಶೇಷಪ್ಪ ಮಾಡಿತ್ತು.

“ಅಕಿ ಗ್ವಾಡಿ ಹಿಡಕೊಂಡು ಬಂದ್ಲವ್ವ,
ನೀರಿನ ಮ್ಯಾಲ ಹಲಗಿ ಇಟ್ಟು ನಡದಂಗ.
ಪಟ್ಟಿ ಬಿಚ್ಚಲಿಲ್ಲ. ಗಂಡ ಸುದ್ದಾ ನೋಡಿರಲಿಲ್ಲಂತ.”
ಪಟ್ಟಿಯ ಮೇಲೆಯೇ ಗೆರೆ ಎಳೆದ ಮುತ್ಯಾ.
ಉಳಿದದ್ದು ಮಗ ಹೇಳಿದ್ದು, ಮುಲ್ಕಿ ಹಿಂದಿಯಲ್ಲಿ.

ಐದನೇ ವರ್ಷಕ್ಕೆ, ಚಳಿಗಾಲ ನೋಡಿ,
ಕಾಲು ಮರಗಟ್ಟಿದ್ದರೆ ಒಳ್ಳೆಯದೆಂದು,
ಅವ್ವನೇ ಕಟ್ಟಿದಳು.
ನಾಲ್ಕು ಬೆರಳು ಮಡಿಸಿ ಅಂಗಾಲಿನ ಕೆಳಗೆ,
ಹಿಮ್ಮಡಿಯನ್ನು ಮುಂದಕ್ಕೆಳೆದು,
ಬಿಗಿದು, ತುದಿಯನ್ನು ಹೊಲಿದು.
ಎಲುಬಿನ ಸದ್ದಿಗೆ ಸೂಜಿ ನಿಲ್ಲಲಿಲ್ಲ.
ತಾವರೆ ಎಂದರಂತೆ ಅದಕ್ಕೆ. ಚಿನ್ನದ ತಾವರೆ, ಮೂರಂಗುಲ.
ಕೆಸರಿನ ವಾಸನೆಯ ಮಾತು ಯಾರೂ ಎತ್ತಲಿಲ್ಲವಂತೆ.

ಸಾವಿರ ವರ್ಷದ ಪದ್ಧತಿ,
ಅರಮನೆಯಲ್ಲಿ ಕುಣಿಯುವವಳೊಬ್ಬಳಿಂದ ಶುರು, ಎನ್ನುತ್ತಾರೆ.
ಶುರುವಿನ ತಪ್ಪು ಹೊರಿಸಲು
ಒಬ್ಬ ಕುಣಿಯುವವಳು ಸಿಕ್ಕೇ ಸಿಗುತ್ತಾಳೆ.

ಆಮೇಲೆ ಹೊಸ ಕಾಯಿದೆ.
ಸಿಪಾಯಿ ಬಂದ, ದಂಡ ಹಾಕಿದ,
ಪಟ್ಟಿ ಕಿತ್ತು ಬೀದಿಯ ಗೂಟಕ್ಕೆ ನೇತುಹಾಕಿದ.
ಬಿಚ್ಚಿದ ಪಾದ ನೆಲಕ್ಕೆ ಊರಲಿಲ್ಲ.
ರಾತ್ರಿ, ಹಾಸಿಗೆಯ ಅರಿವೆ ಹರಿದು,
ತಾನೇ ಮತ್ತೆ ಕಟ್ಟಿಕೊಂಡಳು.

ಚೆಲುವಿಗೆಂದೇ ನಾನು ನಂಬಿದ್ದೆ.
ಉಂಗುಟ ಹೊಲಿಸಲು ಬಂದ ಹಟಗಾರರ ನಾಗಲಾಬಾಯಿ
ಬಾಯ್ತುಂಬ ತಂಬಾಕು ಇಟ್ಟುಕೊಂಡೇ ನಕ್ಕಳು:
“ಬರೇ ಚೆಲುವಿಗೆ ಯಾವ ಅವ್ವ ಎಲುಬು ಮುರದಾಳ?
ಆ ಆಯಿ ನನ್ನ ರಾಟಿಗೆ ಕೈ ಹಾಕಿದ್ಲು, ಎಳಿ ಹರೀಲೇ ಇಲ್ಲ.
ಕಾಲ ಕಟ್ಟಿದ್ರ ಹುಡಿಗಿ ಕುಂದ್ರತಾಳ.
ಕುಂತ್ರ ಕೈ ಓಡತಾವ.
ಆರನೇ ವರ್ಷಕ್ಕ ಕಂಡಿಕಿ ಸುತ್ತಾಕ ಕುಂತಾಕಿ ನಾನು.
ನಮಗ ಪಟ್ಟಿ ಹತ್ತಲಿಲ್ಲ,
ಬಾಗಲಾ ಹಾಕಿದ್ರ ಸಾಕಿತ್ತು.”

ಮುತ್ಯಾ ಹೊಲಿದ ಮೊದಲ ಜೋಡಿನಲ್ಲಿ
ಆಕೆ ಮೂರು ಹೆಜ್ಜೆ ಇಟ್ಟು ಗೋಡೆಗೆ ಒರಗಿದಳು.
ಆದರೂ ದುಡ್ಡು ಚಾಚಿದಳು. ಅವನು ಮುಟ್ಟಲಿಲ್ಲ.
ಎಂಟು ದಿನ ಅಂಗಡಿಯಲ್ಲಿ ಬರಿ ಹಿಮ್ಮಡಿಯ ಧ್ಯಾನ.
ಎರಡನೆಯದಕ್ಕೆ ಎಮ್ಮೆ ತೊಗಲು, ಹಿಂದೆ ಐದು ಪದರ,
ಮುಂದೆ ಒಂದೇ ಉಂಗುಟ.
ಎಲ್ಲ ಮಡಿಸಿದ ಮೇಲೂ
ಹೆಬ್ಬೆರಳೊಂದನ್ನು ಬಿಟ್ಟಿದ್ದರು.
ನಮ್ಮ ಚಪ್ಪಲಿ ಹಿಡಿಯುವುದೂ ಅದನ್ನೇ.

ಸೋಡಾ ಅಂಗಡಿ ತನಕ ಹೋದಳು, ಗೋಡೆ ಬಿಟ್ಟು.
ಅಲ್ಲಿ ನಿಂತು, ಯಾರಿಗೋ ಸಿಟ್ಟು ಬಂದವರ ಹಾಗೆ,
ತಿರುಗಿ ಬಂದಳು.
ಇಷ್ಟೇ ಕತೆ. ಮುತ್ಯಾ ಇದಕ್ಕಿಂತ ಉದ್ದ ಮಾಡುತ್ತಿರಲಿಲ್ಲ.

ಹಾಳೆಯ ಅಂಚಿನಲ್ಲಿ ಲೆಕ್ಕ:
ಬಾಕಿ ಎಂಟಾಣೆ. ಅದರ ಮೇಲೊಂದು ಅಡ್ಡಗೆರೆ,
‘ದವಡೆ ಹಲ್ಲು ಒಂದು ಕಿತ್ತದ್ದಕ್ಕೆ ವಜಾ.’
ಆ ಊರಲ್ಲಿ ಆತನಕ
ನಮ್ಮ ಮುತ್ಯಾನ ಬಾಯಿಗೆ
ಬೇರೆಯವರು ಯಾರೂ ಬೆರಳಿಟ್ಟಿರಲಿಲ್ಲ.