ಬಿಟ್ಟ ಗೆರೆ

ಚೆರ್ರಿ ಹಲಗೆಯ ಮೇಲೆ ಚಿತ್ರವನ್ನು ಬೋರಲು ಅಂಟಿಸುತ್ತೇವೆ.
ಬೆರಳು ಒದ್ದೆ ಮಾಡಿ ಉಜ್ಜಿದರೆ ಕಾಗದ ಸುಲಿದು
ಮರದ ಮೈಗೆ ಶಾಯಿಯಷ್ಟೇ ಉಳಿಯುತ್ತದೆ.
ಆಮೇಲೆ ಉಳಿ. ಚಿತ್ರಕಾರರು ಕೈಯಾರೆ ಬರೆದದ್ದು
ಚಕ್ಕೆಯ ಜೊತೆ ಒಲೆಗೆ ಹೋಗುತ್ತದೆ.

ಈ ಸಲದ ಸರಣಿ: ಹೆಸರಾಂತ ಹೆಂಗಸರು, ಮೂವತ್ತು ಹಾಳೆ.
ಹನ್ನೊಂದನೆಯವಳು ದೋಣಿಯವಳು.
ಇನಾಸೆ ಹೊಳೆಗೆ ನೆರೆ ಬಂದ ರಾತ್ರಿ
ಎರಡು ಕೈಯಲ್ಲಿ ಎರಡು ಕೂಸು, ಹಗ್ಗ ಹಲ್ಲಲ್ಲಿ,
ಬೆಳಗಾಗುವ ತನಕ.
ಎದೋದಲ್ಲಿ ಈ ಕತೆ ಎಲ್ಲರಿಗೂ ಗೊತ್ತು.
ಯಾರ ಕೂಸು ಅಂತ ಯಾರಿಗೂ ಗೊತ್ತಿಲ್ಲ.

ಚಿತ್ರಕಾರರು ಬರೆದುಕೊಟ್ಟ ಬಾಯಿ ಮೊಗ್ಗಿನಷ್ಟು,
ಬಾಚಿದ ಕೂದಲು ಬಾಚಿದ ಹಾಗೇ,
ಹಗ್ಗವಲ್ಲ, ಯಾರೋ ಕೊಟ್ಟ ಹೂವಿನ ತೊಟ್ಟು ಕಚ್ಚಿದಂತೆ.
ಹತ್ತನೆಯವಳದೂ ಇದೇ ಮುಖ, ಒಂಬತ್ತನೆಯವಳದೂ.
ಬದಲಾಗುವುದು ಕಿಮೊನೊ ಮೇಲಿನ ಹೂವು ಮಾತ್ರ.

ಕೂದಲು ಕೆತ್ತುವುದು ಗಂಡ ಮೊಸುಕೆಯ ಕೆಲಸ,
ಮೂಲೆಯ ಮುದ್ರೆ ಅವನದು.
ಮೂರು ಚಳಿಗಾಲದಿಂದ ಅವನಿಗೆ ದೀಪದ ಸುತ್ತ ಬರೀ ಹೊಗೆ.
ಅಂಗಡಿಯ ಆಳು ಬಂದಾಗ ಅವನು ಉಳಿ ಹಿಡಿದು ಕೂರುತ್ತಾನೆ,
ನಾನು ಚಹಾ ಬಗ್ಗಿಸುತ್ತೇನೆ.
ಆಳು ಹೋದ ಮೇಲೆ ಜಾಗ ಬದಲಿಸುತ್ತೇವೆ.

ಹಣೆಯಂಚಿನಲ್ಲಿ ಒಂದು ಅಕ್ಕಿಕಾಳಿನಗಲಕ್ಕೆ ಹನ್ನೆರಡು ಕೂದಲು.
ಒಂದೊಂದಕ್ಕೂ ಎರಡು ಗಾಯ. ಕೂದಲೆಂದರೆ
ಎರಡು ಗಾಯದ ನಡುವೆ ಬದುಕಿಕೊಂಡದ್ದು.
ಗೆರೆ ಎಳೆಯುವವರಲ್ಲ ನಾವು,
ಸುತ್ತಲಿನದೆಲ್ಲ ತೆಗೆದು ಬಿಟ್ಟದ್ದೇ ಗೆರೆ.

ಆ ರಾತ್ರಿ ಕತ್ತಿನ ಹತ್ತಿರ ಬಂದೆ. ಅಲ್ಲಿ ಖಾಲಿ;
ಖಾಲಿಯನ್ನು ತೋಡಿ ಹಾಕಬೇಕು. ತೋಡುತ್ತ ಹೋದೆ.
ಕಿವಿಯ ಕೆಳಗೆ ಒಂದು ಎಳೆ ತೋಡಲಿಲ್ಲ.
ಅಷ್ಟೆ. ಅಷ್ಟು ದೊಡ್ಡ ಹಗ್ಗಕ್ಕೆ ಒಂದು ನರ.

ಬೆಳಿಗ್ಗೆ ಮೊಸುಕೆ ಹೆಬ್ಬೆರಳಿಂದ ಹಲಗೆ ಸವರಿದ,
ಅವನು ಈಗ ನೋಡುವುದೇ ಹಾಗೆ.
ಬೆರಳು ಕತ್ತಿನಲ್ಲಿ ನಿಂತಿತು.
“ಇದು ಚಿತ್ರದಲ್ಲಿತ್ತಾ?”
“ಚಿತ್ರ ಈಗ ಎಲ್ಲಿದೆ?” ಅಂದೆ.
ಕೆಮ್ಮಿದ. ಉಳಿಗೆ ಸಾಣೆ ಹಿಡಿದ.

ಹಾಳೆಗೆ ಇಪ್ಪತ್ತು ಕಾಸು, ಒಂದು ಬಟ್ಟಲು ಸೊಬಾದ ಬೆಲೆ.
ಮಳೆಗಾಲದ ಹೊತ್ತಿಗೆ ಹಲಗೆಯನ್ನು ಹೆರೆದು ನುಣ್ಣಗೆ ಮಾಡಿ
ಹದಿನೇಳನೆಯವಳನ್ನು ಅಂಟಿಸಿಯಾಗಿತ್ತು.

ಮೊನ್ನೆ ಬೀದಿಯ ಸ್ನಾನದ ಮನೆಯಲ್ಲಿ ಕಂಡಳು,
ಹರಿದ ಕಾಗದದ ಬಾಗಿಲಿಗೆ ತೇಪೆಯಾಗಿ.
ಹಬೆಗೆ ಹೊಳೆಯ ನೀಲಿ ಇಳಿದುಹೋಗಿತ್ತು, ಕೂಸುಗಳ ಕೆಂಪೂ.
ಕಪ್ಪು ಮಾತ್ರ ಕಚ್ಚಿಕೊಂಡಿತ್ತು.
ಮೀನು ಹೊರುವ ಓಕುಮೆ ಭುಜ ಉಜ್ಜಿಕೊಳ್ಳುತ್ತ ದಿಟ್ಟಿಸಿದಳು:
“ನೋಡೇ, ಇವಳೊಬ್ಬಳು ನಿಜಕ್ಕೂ ಭಾರ ಹಿಡಿದವಳು.”

ನಾನು ತಲೆಯ ಮೇಲೆ ನೀರು ಸುರಿದುಕೊಂಡೆ.
ಬಿಸಿ ಸ್ವಲ್ಪ ಹೆಚ್ಚೇ ಇತ್ತು.