ನಡಾವಳಿಯಲ್ಲಿ ಇಲ್ಲದ್ದು

ತಿಂಗಳ ಎರಡನೇ ಮಂಗಳವಾರ
ಹಿರಿಯ ನಾಗರಿಕರ ಸೇವಾ ಸಮನ್ವಯ ಸಭೆ.
ಉಪ್ಪಿಟ್ಟು, ಶೀರಾ, ಒಂಬತ್ತು ಇಲಾಖೆ, ಏಳು ಕುರ್ಚಿ.
ನಡಾವಳಿ ಬರೆಯುವುದು ನನ್ನ ಪಾಲಿನದು:
‘ಸಂಬಂಧಪಟ್ಟವರು ಪರಸ್ಪರ ಸಂಪರ್ಕದಲ್ಲಿ ಇರತಕ್ಕದ್ದು.’
ಹನ್ನೊಂದು ವರ್ಷದಿಂದ ಈ ವಾಕ್ಯವನ್ನು
ಕೈ ತಾನಾಗಿಯೇ ಬರೆದುಬಿಡುತ್ತದೆ.

ಈ ಸಲ ಬೆಂಗ್ರೆಯ ಬೀಫಾತಿಮಾ, ಎಪ್ಪತ್ತೊಂಬತ್ತು.
ಅರುವತ್ತು ವರ್ಷ ಬೀಡಿ ಕಟ್ಟಿದ ಹೆಬ್ಬೆರಳು
ಗೆರೆಯೆಲ್ಲ ಎಲೆಗೆ ಕೊಟ್ಟು ನುಣುಪಾಗಿದೆ.
ಯಂತ್ರ ಮೂರು ಸಲ ಒತ್ತಿಸಿಕೊಂಡು
ಮೂರು ಸಲವೂ ಇವರು ಇವರಲ್ಲ ಎಂದಿತು.
ಪಿಂಚಣಿ ನಿಂತು ಐದು ತಿಂಗಳು.
ಖಜಾನೆ ಅಂಚೆಯತ್ತ ನೋಡಿತು,
ಅಂಚೆ ನಾಡಕಚೇರಿಯತ್ತ,
ನಾಡಕಚೇರಿ ಫ್ಯಾನಿನತ್ತ.
ಬರೆದೆ: ‘ಚರ್ಚಿಸಲಾಯಿತು.’

ಮಧ್ಯಾಹ್ನ ಯಾಕೋ ಬಂದರಿಗೆ ಹೋಗಿ ದೋಣಿ ಹತ್ತಿದೆ.
ಕಡತದಲ್ಲಿ ಬೆಂಗ್ರೆ ಪಕ್ಕದಲ್ಲೇ ಕಾಣುತ್ತದೆ;
ನಡುವೆ ನದಿ ಉಂಟೆಂದು ಬರೆಯಲು
ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ಟಿಕೆಟ್ ಹರಿಯುವ ಚಂದು ಕರ್ಕೇರನಿಗೆ ಎಲ್ಲ ಗೊತ್ತು:
ಬುಧವಾರ ಯಾರು ವೆನ್ಲಾಕಿಗೆ, ಯಾರ ಕಣ್ಣಿಗೆ ಪೊರೆ,
ಯಾರು ಎರಡು ದಿನದಿಂದ ದಾಟಿಲ್ಲ.
‘ಬೀಪಾತುಮ್ಮನಾ? ಶುಗರಿನ ಮಾತ್ರೆ ಫ್ಲೋಸಿ ನರ್ಸಮ್ಮ
ನನ್ನ ಕೈಯಲ್ಲೇ ಕಳಿಸ್ತಾರೆ. ಅಕ್ಕಿ ಸೊಸೈಟಿಯ ಹಮೀದ್
ಸೈಕಲ್ಲಲ್ಲಿ ಇಟ್ಟು ಬರ್ತಾನೆ, ಎರಡು ಕೇಜಿ ಕಮ್ಮಿ ಅಂತ
ಜಗಳ ಆಗ್ತದೆ, ಅದು ಬೇರೆ.
ಬೆರಳು ಬರದಿದ್ರೆ ಕಣ್ಣಿನ ಮಿಷನ್ ಉಂಟಲ್ಲ ಮಾರಾಯ್ರೆ,
ಪೋಸ್ಟಿನ ಯಶೋಧರ ತರ್ತೇನೆ ಅಂದಿದ್ದಾನೆ.
ಯಾರೋ ಒಂದು ಕಾಗದ ಕೊಡ್ಬೇಕಂತೆ.
ಯಾರಂತ ಅವನಿಗೂ ಗೊತ್ತಿಲ್ಲ.’

ಆ ಯಾರೋ ನಾನೇ.
ಕಾಗದ ಏಪ್ರಿಲಿನಿಂದ ನನ್ನ ಮೇಜಿನ ಮೇಲಿದೆ,
ಅದರ ಮೇಲೆ ಗಾಜಿನ ಗುಂಡು, ಗುಂಡಿನೊಳಗೆ ನೀಲಿ ಹೂ.
ಚಂದುವಿಗೆ ಹೇಳಲಿಲ್ಲ. ನೀರು ನೋಡಿದೆ.

ಮರಳಿನಲ್ಲಿ ಚಪ್ಪಲಿ ಕೈಗೆತ್ತಿಕೊಂಡು ಅವರ ಮನೆಗೆ ಹೋದೆ.
ಮಡಿಲಲ್ಲಿ ಮೊರ. ಕತ್ತರಿ ನಿಲ್ಲಲಿಲ್ಲ.
‘ಯಾವ ಆಫೀಸು?’
‘ನಾಡಕಚೇರಿ.’
‘ಚಾ ಕುಡೀತೀರಾ?’
ಪಿಂಚಣಿಯ ಮಾತೇ ಎತ್ತಲಿಲ್ಲ ಅವರು. ಮೊಮ್ಮಗಳ ಪರೀಕ್ಷೆ,
ಕಡಲು ಈ ವರ್ಷ ತಿಂದ ಎರಡು ತೆಂಗು,
ಎಲೆ ಈಗ ಮೊದಲಿನ ಹಾಗೆ ಒಳ್ಳೆಯದು ಬರುವುದಿಲ್ಲ.
ಕೊನೆಗೆ ನಾನೇ ಬಾಯಿ ತೆರೆದೆ, ‘ಆ ಕಾಗದ...’
‘ಬೇಗ ಹೊರಡಿ’ ಅಂದರು,
‘ಐದರ ದೋಣಿ ತಪ್ಪಿದರೆ ಮತ್ತೆ ಕಷ್ಟ ನಿಮಗೆ.’

ಓಡಿದೆ. ಐದೂ ಹತ್ತು.
ದೋಣಿ ತುಂಬ ಜನ, ಗೊಣಗಾಟ, ಮೀನಿನ ಬುಟ್ಟಿ.
ಚಂದು ಹಗ್ಗ ಬಿಚ್ಚದೆ ಕಾದಿದ್ದ.
ಅವನಿಗೆ ಯಾರು ಹೇಳಿದರೋ.